ಕಿಟಕಿ ಕಡೆ ನೋಡುವವರು

ದಲಿತ ವಿಮರ್ಶೆ ಅಂದ ಕೂಡಲೆ ನಾವು ಕಾವ್ಯ, ಕಥೆ, ಆತ್ಮಕಥೆಗಳ ಮಾತಿಗೆ ಇಳಿಯುತ್ತೇವೆ. ಸಿನಿಮಾದ ಮಾತು ಬಂದರೆ ಅದು ದುಡ್ಡಿದ್ದವರ ಕಸುಬು, ನಮಗ್ಯಾಕೆ ಅಂತ ಪಕ್ಕಕ್ಕೆ ಸರಿಸಿಬಿಡುತ್ತೇವೆ. ಈಗ ಹಾಗೆ ಸರಿಸುವಂತಿಲ್ಲ. ಶಿವಮೊಗ್ಗ, ಭದ್ರಾವತಿಯ ಕಾಲೇಜು ಹುಡುಗ ಹುಡುಗಿಯರ ಕಿಸೆಯಲ್ಲಿರೋ ಫೋನೇ ಕ್ಯಾಮೆರಾ ಆಗಿದೆ. ನಾಲ್ಕು ಜನ ಗೆಳೆಯರು, ಎರಡು ಭಾನುವಾರ, ಒಂದು ಬೈಕು ಇದ್ದರೆ ಹತ್ತು ನಿಮಿಷದ ಕಿರುಚಿತ್ರ ತಯಾರು. ಹೀಗೆ ತಯಾರಾಗುವವುಗಳಲ್ಲಿ ಜಾತಿಯ ಬಗ್ಗೆ ಮಾಡಿದವೂ ಇರುತ್ತವೆ. ಇದು ಸಂತೋಷದ ಸಂಗತಿ. ಆದರೆ ಸಂತೋಷ ಪಟ್ಟು ಸುಮ್ಮನಾಗುವುದು ವಿಮರ್ಶೆಯ ಕೆಲಸವಲ್ಲ.

ಈ ಚಿತ್ರಗಳಿಗೆ ಒಂದು ಸಿದ್ಧ ಅಚ್ಚು ಇದೆ. ಹಳ್ಳಿಯ ಹೋಟೆಲು. ಹೊರಗೆ ಗೂಟಕ್ಕೆ ಸಿಕ್ಕಿಸಿದ ಬೇರೆ ಲೋಟ. ದಪ್ಪ ಮೀಸೆಯ ಗೌಡ. ಬಾಯಾರಿದ ಹುಡುಗ ಒಳಗಿನ ಲೋಟ ಮುಟ್ಟುತ್ತಾನೆ, ಪೆಟ್ಟು ಬೀಳುತ್ತೆ, ಕೊಳಲು ಅಳುತ್ತೆ. ಕೊನೆಗೆ ಪಟ್ಟಣದಲ್ಲಿ ಓದಿದ ಮೇಲ್ಜಾತಿಯ ಹುಡುಗನೊಬ್ಬ ಬಂದು ಆ ಹೊರಗಿನ ಲೋಟದಲ್ಲೇ ನೀರು ಕುಡಿಯುತ್ತಾನೆ. ಪರದೆ ಕಪ್ಪಾಗುತ್ತೆ, ಬಾಬಾಸಾಹೇಬರ ಭಾವಚಿತ್ರ ಬರುತ್ತೆ, ಚಪ್ಪಾಳೆ. ಗೌಡ ಕೆಟ್ಟವನು ಅನ್ನೋದರಲ್ಲಿ ನನಗೆ ತಕರಾರಿಲ್ಲ; ನೀರು ಕುಡಿದವನ ಒಳ್ಳೆಯತನದಲ್ಲೂ ಇಲ್ಲ. ನನ್ನ ಪ್ರಶ್ನೆ ಬೇರೆ. ಆ ಹೋಟೆಲಿನಲ್ಲಿ ಇನ್ನೂ ಐದಾರು ಜನ ಕೂತಿದ್ದರಲ್ಲ, ಇಡ್ಲಿ ತಿನ್ನುತ್ತ, ಪೇಪರು ಓದುತ್ತ, ಅವರು ಯಾರು? ಪೆಟ್ಟು ಬಿದ್ದಾಗ ಅವರ ಕೈಯಲ್ಲಿದ್ದ ಇಡ್ಲಿ ಬಾಯಿಗೆ ಹೋಯಿತೋ ನಿಂತಿತೋ? ಕ್ಯಾಮೆರಾ ಅವರ ಕಡೆ ತಿರುಗುವುದೇ ಇಲ್ಲ. ಹೊಡೆದವನನ್ನು ತೋರಿಸುತ್ತೆ, ಹೊಡೆಸಿಕೊಂಡವನನ್ನು ತೋರಿಸುತ್ತೆ. ನೋಡುತ್ತ ಕೂತವರನ್ನು ಬಿಟ್ಟುಬಿಡುತ್ತೆ. ಜಾತಿ ನಿಂತಿರುವುದು ಹೊಡೆಯುವ ಒಬ್ಬನಿಂದಲೋ, ಕೂತು ನೋಡುವ ಐದು ಜನರಿಂದಲೋ?

ನೋಡುತ್ತ ಕೂತವರನ್ನೇ ವಸ್ತು ಮಾಡಿಕೊಂಡ ಒಂದು ಚಿಕ್ಕ ಚಿತ್ರವನ್ನು ಇಲ್ಲಿ ನೆನೆಯಬೇಕು. ಜರ್ಮನಿಯ ಪೆಪೆ ಡಾಂಕ್ವಾರ್ಟ್ 1993ರಲ್ಲಿ ಮಾಡಿದ 'ಷ್ವಾರ್ಟ್ಸ್‌ಫಾರರ್'. ಹನ್ನೆರಡು ನಿಮಿಷದ ಕಪ್ಪು ಬಿಳುಪು ಚಿತ್ರ; 1994ರಲ್ಲಿ ಆಸ್ಕರ್ ಬಂತು. ಬರ್ಲಿನ್ನಿನ ಟ್ರಾಮಿನಲ್ಲಿ ಒಬ್ಬ ಮುದುಕಿಯ ಪಕ್ಕ ಕಪ್ಪು ತರುಣನೊಬ್ಬ ಬಂದು ಕೂರುತ್ತಾನೆ. ಮುದುಕಿ ಶುರು ಮಾಡುತ್ತಾಳೆ: ಇವರೆಲ್ಲ ಯಾಕೆ ಬರ್ತಾರೆ, ಇವರ ವಾಸನೆ ಏನು, ನಮ್ಮ ತೆರಿಗೆ ದುಡ್ಡಲ್ಲಿ ಹೇಗೆ ಬದುಕ್ತಾರೆ, ಹೀಗೆ ಒಂದೇ ಸಮನೆ. ಟ್ರಾಮು ತುಂಬ ಜನ. ಕೇಳಿಸದೆ ಇರಲು ಸಾಧ್ಯವೇ ಇಲ್ಲ. ಕಿಟಕಿ ಕಡೆ ನೋಡುತ್ತಾರೆ, ತಮ್ಮ ತಮ್ಮ ಲೋಕದಲ್ಲಿ ಇರುತ್ತಾರೆ. ಕೊನೆಗೆ ಟಿಕೆಟ್ ತಪಾಸಣೆಯವನು ಹತ್ತುತ್ತಾನೆ. ಮುದುಕಿ ಟಿಕೆಟ್ ತೆಗೆದು ಹಿಡಿದುಕೊಳ್ಳುತ್ತಾಳೆ. ತರುಣ ತಣ್ಣಗೆ ಅದನ್ನು ಕಿತ್ತುಕೊಂಡು ಬಾಯಿಗೆ ಹಾಕಿ ನುಂಗುತ್ತಾನೆ, ತನ್ನ ಟಿಕೆಟ್ ತೋರಿಸುತ್ತಾನೆ. ಈ ಕರಿಯ ನನ್ನ ಟಿಕೆಟ್ ತಿಂದ ಅಂತ ಮುದುಕಿ ಕೂಗಿದರೆ ತಪಾಸಣೆಯವನು ನಂಬುವುದಿಲ್ಲ. ಅವಳನ್ನು ಇಳಿಸಿಕೊಂಡು ಹೋಗುತ್ತಾನೆ. ಟ್ರಾಮಿನ ಜನ ಆಗಲೂ ಬಾಯಿ ಬಿಡುವುದಿಲ್ಲ. ಚಿತ್ರದ ಹೆಸರಿಗೆ ಜರ್ಮನ್ನಿನಲ್ಲಿ ಎರಡು ಅರ್ಥ: ಟಿಕೆಟ್ ಇಲ್ಲದೆ ಪ್ರಯಾಣ ಮಾಡುವವನು ಅಂತ ಒಂದು, ಅಕ್ಷರಶಃ ತೆಗೆದುಕೊಂಡರೆ ಕಪ್ಪು ಪಯಣಿಗ ಅಂತ ಇನ್ನೊಂದು. ನಿಜವಾಗಿ ಟಿಕೆಟ್ ಇಲ್ಲದವನು ಒಬ್ಬ ಬಿಳಿ ಹುಡುಗ, ಅವನು ಬಚಾವಾಗುತ್ತಾನೆ.

ಒಳ್ಳೆಯ ಚಿತ್ರ. ಮೌನಕ್ಕೆ ಎರಡು ಮುಖ ಇದೆ ಅನ್ನೋದನ್ನು ಇಷ್ಟು ಚುರುಕಾಗಿ ಹೇಳಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ. ಯಾವ ಮೌನ ತರುಣನನ್ನು ಒಂಟಿ ಮಾಡಿತ್ತೋ ಅದೇ ಮೌನ ಕೊನೆಗೆ ಮುದುಕಿಯನ್ನೂ ಒಂಟಿ ಮಾಡುತ್ತೆ. ಆದರೂ ಒಂದು ಇರುಸುಮುರುಸು ಉಳಿಯುತ್ತೆ. ಅವಮಾನಕ್ಕೆ ಉತ್ತರ ಕೊಡುವ ಹೊರೆ ಅವಮಾನ ಪಟ್ಟವನ ಮೇಲೇ ಬಿತ್ತು. ಅವನು ಚುರುಕಾಗಿರಬೇಕು, ತಮಾಷೆಗಾರ ಆಗಿರಬೇಕು, ಸಿಟ್ಟು ಮಾಡಿಕೊಳ್ಳಬಾರದು. ಅವನು ಗೆದ್ದಾಗ ನಾವು ನಗುತ್ತೇವೆ. ಆ ನಗುವಿನಲ್ಲಿ ಟ್ರಾಮಿನ ಜನರೆಲ್ಲ ಪುಕ್ಕಟೆ ಪಾರಾಗಿಬಿಡುತ್ತಾರೆ. ನಗುವ ನಾವೂ ಅವರ ಜೊತೆ ಇಳಿದು ಹೋಗುತ್ತೇವೆ.

ಇದನ್ನು ಶಿವಮೊಗ್ಗ-ಭದ್ರಾವತಿ ಬಸ್ಸಿಗೆ ತಂದು ಕೂರಿಸಿ ನೋಡಿ. ಹಾಗೇ ಕೂರುವುದಿಲ್ಲ. ಜಾತಿ ಚರ್ಮದ ಮೇಲೆ ಬರೆದಿಲ್ಲ. ಜಾತಿಗೂ ಜನಾಂಗಕ್ಕೂ ಗಂಟು ಹಾಕುವ ವಾದವನ್ನು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲೇ ತಳ್ಳಿಹಾಕಿದ್ದರು. 2001ರಲ್ಲಿ ಡರ್ಬನ್ನಿನ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ ಜಾತಿಯನ್ನು ಚರ್ಚಿಸಬೇಕು ಅಂತ ದಲಿತ ಸಂಘಟನೆಗಳು ಕೇಳಿದಾಗ, ಭಾರತ ಸರ್ಕಾರ ಜಾತಿ ಜನಾಂಗವಲ್ಲ ಅನ್ನೋ ಅದೇ ವಾಕ್ಯವನ್ನು ಬಾಗಿಲು ಹಾಕೋದಕ್ಕೆ ಬಳಸಿಕೊಂಡಿತು. ವಾಕ್ಯ ಒಂದೇ, ಹುನ್ನಾರ ಬೇರೆ. ನಮಗೆ ಇಲ್ಲಿ ಬೇಕಾದ ವ್ಯತ್ಯಾಸ ಇಷ್ಟು: ನಮ್ಮ ಬಸ್ಸಿನಲ್ಲಿ ಮುದುಕಿ ಕೂಗುವುದಿಲ್ಲ. ಬಹಳ ಪ್ರೀತಿಯಿಂದ ಕೇಳುತ್ತಾಳೆ. ಯಾವೂರಪ್ಪ? ಊರಲ್ಲಿ ಎಲ್ಲಿ, ಮೇಲಿನ ಕೇರಿನಾ? ನಿಮ್ಮಪ್ಪನ ಹೆಸರೇನು? ಮೂರನೆಯ ಪ್ರಶ್ನೆಗೆ ಉತ್ತರ ಬಂದ ಮೇಲೆ ಏನೂ ಆಗುವುದಿಲ್ಲ. ಮಾತು ನಿಲ್ಲುತ್ತೆ, ಅಷ್ಟೆ. ಮಡಿಲಲ್ಲಿದ್ದ ಚೀಲ ಮಧ್ಯದ ಜಾಗಕ್ಕೆ ಬರುತ್ತೆ. ಸುರಿದು ಕೊಡುತ್ತಿದ್ದ ಕಡಲೆಕಾಯಿ ನಿಲ್ಲುತ್ತೆ. ಮುಂದಿನ ಸೀಟಿನವನಿಗೂ ಹಿಂದಿನ ಸೀಟಿನವನಿಗೂ ಇದು ಅರ್ಥವಾಗುತ್ತೆ. ಆ ಊರಿನ ಆ ಕೇರಿ ಯಾರದು ಅಂತ ಅವರಿಗೂ ಗೊತ್ತು.

ಗಮನಿಸಬೇಕಾದ್ದು ಇದು. ಬರ್ಲಿನ್ನಿನ ಪ್ರಯಾಣಿಕ ಸುಮ್ಮನಿದ್ದದ್ದು ಪುಕ್ಕಲುತನದಿಂದ ಇರಬಹುದು, ಸೋಮಾರಿತನದಿಂದ ಇರಬಹುದು. ನಮ್ಮ ಬಸ್ಸಿನ ಪ್ರಯಾಣಿಕನ ಮೌನಕ್ಕೆ ತರಬೇತಿ ಬೇಕು. ಆಗಿದ್ದು ಏನು ಅಂತ ತಿಳಿಯೋದಕ್ಕೇ ಅವನು ಜಾತಿಯ ವ್ಯಾಕರಣ ಕಲಿತಿರಬೇಕು. ಅದಕ್ಕೇ ಅವನನ್ನು ಬರೀ ಪ್ರೇಕ್ಷಕ ಅನ್ನೋಕಾಗಲ್ಲ. ಒಬ್ಬ ವಿದೇಶಿಯನ್ನು ಆ ಬಸ್ಸಿನಲ್ಲಿ ಕೂರಿಸಿ, ಅವನಿಗೆ ಅಲ್ಲಿ ಏನೂ ಕಾಣುವುದಿಲ್ಲ: ಒಬ್ಬ ಅಜ್ಜಿ, ಒಬ್ಬ ಹುಡುಗ, ಸ್ವಲ್ಪ ಕಡಲೆಕಾಯಿ.

ಹಾಗಾದರೆ ಕಾಣದ್ದನ್ನು ಕ್ಯಾಮೆರಾ ಕಾಣಿಸುವುದು ಹೇಗೆ? ಇದಕ್ಕೆ ನಮ್ಮಲ್ಲಿ ಎಲ್ಲರಿಗಿಂತ ಮೊದಲು ಉತ್ತರ ಬರೆದಿಟ್ಟವರು ಸಿನಿಮಾದವರಲ್ಲ, ಬಾಬಾಸಾಹೇಬರು. 'ವೇಟಿಂಗ್ ಫಾರ್ ಎ ವೀಸಾ' ಅನ್ನುವ ಅವರ ಚಿಕ್ಕ ಬರಹ ಓದಿ. ತಮಗೂ ಬೇರೆಯವರಿಗೂ ಆದ ಕೆಲವು ಅನುಭವಗಳು, ಒಂದೊಂದೂ ನಾಲ್ಕಾರು ಪುಟ, ಒಂದೊಂದೂ ಒಂದು ಕಿರುಚಿತ್ರ. ವಿದೇಶದಲ್ಲಿ ಓದಿ ಬಂದು ಬರೋಡಾದಲ್ಲಿ ನೌಕರಿಗೆ ಸೇರಿದ ದಿನಗಳ ಭಾಗವನ್ನೇ ತೆಗೆದುಕೊಳ್ಳಿ. ಪಾರ್ಸಿಗಳ ವಸತಿಗೃಹದಲ್ಲಿ ಹೆಸರು ಬದಲಿಸಿ ಇದ್ದರು. ಗೊತ್ತಾಯಿತು. ದೊಣ್ಣೆ ಹಿಡಿದು ಬಂದರು, ಹೊರಗೆ ಹಾಕಿದರು. ಸಾಮಾನ್ಯ ನಿರ್ದೇಶಕ ದೊಣ್ಣೆಯ ದೃಶ್ಯಕ್ಕೆ ಓಡುತ್ತಾನೆ. ಬಾಬಾಸಾಹೇಬರು ಅಲ್ಲಿ ನಿಲ್ಲುವುದಿಲ್ಲ. ಆಮೇಲಿನ ಎರಡು ಬಾಗಿಲುಗಳ ಮುಂದೆ ನಮ್ಮನ್ನು ಕರೆದುಕೊಂಡು ಹೋಗುತ್ತಾರೆ. ಒಬ್ಬ ಹಿಂದೂ ಗೆಳೆಯ ಇದ್ದ. ಅವನಿಗೆ ಮರುಕವೂ ಆಯಿತು, ಸಿಟ್ಟೂ ಬಂತು. ಆದರೆ ನೀವು ಮನೆಗೆ ಬಂದರೆ ಕೆಲಸದವರು ಬಿಟ್ಟು ಹೋಗ್ತಾರೆ ಅಂದ. ಇನ್ನೊಬ್ಬ ಕ್ರೈಸ್ತ ಗೆಳೆಯ. ಹೆಂಡತಿಯನ್ನು ಕೇಳಿ ಹೇಳ್ತೀನಿ ಅಂದ. ಇಬ್ಬರೂ ಮರ್ಯಾದಸ್ಥರು, ಇಬ್ಬರೂ ಜೋರಾಗಿ ಒಂದು ಮಾತು ಆಡಲಿಲ್ಲ. ಮುಂಬಯಿ ರೈಲಿನ ಹೊತ್ತಿನವರೆಗೆ ಬಾಬಾಸಾಹೇಬರು ಸಾರ್ವಜನಿಕ ಉದ್ಯಾನದಲ್ಲಿ ಕೂತರು. ದೊಣ್ಣೆ ಹಿಡಿದವರಿಗಿಂತ ಆ ಇಬ್ಬರು ಗೆಳೆಯರನ್ನು ತೋರಿಸುವುದು ಕಷ್ಟ. ಯಾಕೆಂದರೆ ಆ ಗೆಳೆಯರು ನಮ್ಮ ಹಾಗೇ ಇದ್ದಾರೆ.

ಕನ್ನಡ ಸಿನಿಮಾ ಏನು ಮಾಡಿತು? ಶಿವರಾಮ ಕಾರಂತರ ಕಾದಂಬರಿಯಿಂದ ಬಿ.ವಿ. ಕಾರಂತರು 1975ರಲ್ಲಿ 'ಚೋಮನ ದುಡಿ' ಮಾಡಿದರು. ಚೋಮನಾಗಿ ವಾಸುದೇವ ರಾವ್. ಚಿತ್ರಕ್ಕೂ ನಟನಿಗೂ ರಾಷ್ಟ್ರಪ್ರಶಸ್ತಿ. ಅದರಲ್ಲಿ ಚೋಮನ ಮಗ ನೀರುಪಾಲಾಗುವ ಪ್ರಸಂಗ ಇದೆ. ಜನ ಇದ್ದಾರೆ. ಅಸ್ಪೃಶ್ಯನ ಮಗನನ್ನು ಮುಟ್ಟಿ ಎತ್ತೋದಕ್ಕೆ ಯಾರೂ ಮುಂದೆ ಬರುವುದಿಲ್ಲ. ನೋಡುಗರ ಮೌನ ಒಂದು ಜೀವ ತೆಗೆಯುವುದನ್ನು ಇದಕ್ಕಿಂತ ನೇರವಾಗಿ ಹೇಳಿದ ಪ್ರಸಂಗ ಕನ್ನಡದಲ್ಲಿ ಇಲ್ಲ. ಹಾಗಿದ್ದೂ ಈ ಚಿತ್ರ ನೋಡಿದವರನ್ನು ಕೇಳಿ, ನೆನಪಿರುವುದು ಏನು ಅಂತ. ದುಡಿ ಅನ್ನುತ್ತಾರೆ. ವಾಸುದೇವ ರಾಯರ ಮುಖ ಅನ್ನುತ್ತಾರೆ. ದಂಡೆಯ ಮೇಲಿದ್ದ ಒಂದು ಮುಖವೂ ಯಾರಿಗೂ ನೆನಪಿಲ್ಲ. ಚಿತ್ರದ ಕರುಣೆಯೆಲ್ಲ ಚೋಮನ ಮೇಲೆ ಸುರಿದಿದೆ. ದಂಡೆಯ ಜನರನ್ನು ಹೆಸರಿಡಿದು ಕೇಳುವ ಸಿಟ್ಟು ಅದಕ್ಕೆ ಇಲ್ಲ. ದಲಿತನ ದುಃಖವನ್ನು ನೋಡಿ ಕಣ್ಣೀರು ಹಾಕಿ ಹಗುರಾಗುವ ಅವಕಾಶವನ್ನು ಪ್ರೇಕ್ಷಕನಿಗೆ ಅದು ಕೊಟ್ಟಿತು. ಪ್ರೇಕ್ಷಕ ಅದನ್ನು ಕೃತಜ್ಞತೆಯಿಂದ ತಗೊಂಡ.

ನಮ್ಮ ಜಿಲ್ಲೆಯ ಚಿತ್ರಕ್ಕೆ ಬರೋಣ. 1977ರ 'ಘಟಶ್ರಾದ್ಧ'. ತೀರ್ಥಹಳ್ಳಿ ಸೀಮೆಯ ಅನಂತಮೂರ್ತಿಯವರ ಕಥೆ, ತೀರ್ಥಹಳ್ಳಿ ಸೀಮೆಯ ಗಿರೀಶ ಕಾಸರವಳ್ಳಿಯವರ ನಿರ್ದೇಶನ. ಅಗ್ರಹಾರದ ಒಳಗಿನ ಕ್ರೌರ್ಯವನ್ನು ಅಗ್ರಹಾರದವರೇ ಬಿಚ್ಚಿಟ್ಟ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಎಲ್ಲವನ್ನೂ ನಾಣಿ ಅನ್ನೋ ಪುಟ್ಟ ವಟುವಿನ ಕಣ್ಣಿನಿಂದ ನೋಡುತ್ತೇವೆ. ಬಹಿಷ್ಕಾರಕ್ಕೆ ಒಳಗಾದ ಯಮುನಕ್ಕನನ್ನು ಬಿಟ್ಟು ನಾಣಿ ತಂದೆಯ ಜೊತೆ ಊರು ಬಿಡುತ್ತಾನೆ. ಇಲ್ಲಿ ನೋಡುವವನು ಇದ್ದಾನೆ, ನಡುಮಧ್ಯದಲ್ಲೇ ಇದ್ದಾನೆ. ಆದರೆ ಅವನು ಮಗು. ಮಗುವಿನ ಮೌನಕ್ಕೆ ಯಾರು ತಾನೆ ಲೆಕ್ಕ ಕೇಳುತ್ತಾರೆ? ನವ್ಯದವರು ಸುಮ್ಮನೆ ನೋಡುವವನ ಪಾತ್ರವನ್ನು ಬಹಳ ಪ್ರೀತಿಯಿಂದ ಕಟ್ಟಿದರು: ಸೂಕ್ಷ್ಮಜ್ಞ, ಒಳಗೇ ನೊಂದವನು, ಏನೂ ಮಾಡಲಾರದವನು. ನೋಡಿದವನ ನೋವೇ ಕಥೆಯ ವಸ್ತುವಾಗಿ, ಪೆಟ್ಟು ತಿಂದವರ ನೋವು ಅದಕ್ಕೆ ನೆಪವಾಯಿತು. ಗಾಂಧಿ-ಅಂಬೇಡ್ಕರ್ ಮುಖಾಮುಖಿಯನ್ನು ಡಿ.ಆರ್. ನಾಗರಾಜ್ ಆತ್ಮಶುದ್ಧಿ ಮತ್ತು ಆತ್ಮಗೌರವ ಎಂಬ ಎರಡು ದಾರಿಗಳಾಗಿ ವಿವರಿಸಿದ್ದರು. ಸಿನಿಮಾದಲ್ಲೂ ಹಾಗೇ ನೋಡಬಹುದು. ನೋಡುವವನ ಆತ್ಮಶುದ್ಧಿಯ ಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ.

ನೋಡುವುದು ಅಂದರೆ ಏನು ಅನ್ನೋ ಪ್ರಶ್ನೆ ನಮ್ಮ ಜಿಲ್ಲೆಗೆ ಪುಸ್ತಕದಿಂದ ಬಂದದ್ದಲ್ಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. ವರದಾ ನದಿಯಲ್ಲಿ ಮುಳುಗಿ ರೇಣುಕಾಂಬೆಯ ಗುಡ್ಡದವರೆಗೆ ಬೆತ್ತಲೆ ಹೋಗುತ್ತಿದ್ದವರಲ್ಲಿ ಹೆಚ್ಚಿನವರು ದಲಿತ, ಹಿಂದುಳಿದ ಜಾತಿಗಳ ಬಡವರು. ವರ್ಷ ವರ್ಷ ಸಾವಿರಾರು ಕಣ್ಣು ಇದನ್ನು ನೋಡಿದವು. ಭಕ್ತಿ ಅಂತ ಸುಮ್ಮನಿದ್ದವು. 1986ರ ಮಾರ್ಚ್‌ನಲ್ಲಿ ದಲಿತ ಸಂಘರ್ಷ ಸಮಿತಿಯವರು ಬೇಡ ಅಂತ ಹೇಳೋದಕ್ಕೆ ಹೋದಾಗ ಅವರ ಮೇಲೆ ಹಲ್ಲೆ ಆಯಿತು. ಕಾರ್ಯಕರ್ತರ, ಪೊಲೀಸರ ಬಟ್ಟೆ ಕಿತ್ತು ಬೆತ್ತಲೆ ಓಡಿಸಿದರು. ಆಮೇಲೆ ನಿಷೇಧ ಬಂತು. ಬಡ ಹೆಂಗಸರು ಬೆತ್ತಲಾಗಿದ್ದಾಗ ಸುದ್ದಿಯಾಗದ್ದು, ಸಮವಸ್ತ್ರ ಬೆತ್ತಲಾದಾಗ ದೇಶದ ಸುದ್ದಿಯಾಯಿತು. ಈ ಜಿಲ್ಲೆಯಲ್ಲಿ ಕ್ಯಾಮೆರಾ ಹಿಡಿಯುವ ಯಾವ ಹುಡುಗನಿಗಾದರೂ ಮೊದಲ ಪಾಠ ಇದೇ ಆಗಬೇಕು ಅಂತ ನನ್ನ ಅನಿಸಿಕೆ.

ಇನ್ನು ಭದ್ರಾವತಿ. ಎಪ್ಪತ್ತರ ದಶಕದಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಇಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿದ ಊರು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಗಿ, 2015ರಲ್ಲಿ ಅದರ ಯಂತ್ರಗಳು ನಿಂತ ಊರು. ಅಂದರೆ ಕರ್ನಾಟಕದ ದೊಡ್ಡ ದಲಿತ ಚಳವಳಿಯ ಬೇರು ಯಾವುದೋ ಗೌಡನ ಹಳ್ಳಿಯಲ್ಲಿಲ್ಲ, ಸೈರನ್ನಿಗೆ ಎದ್ದು ಮಲಗುವ ಊರಿನಲ್ಲಿದೆ. ನಮ್ಮ ಕಿರುಚಿತ್ರದ ಹುಡುಗರು ಇದೇ ಊರಿನಲ್ಲಿ ಹುಟ್ಟಿ, ಜಾತಿಯನ್ನು ಚಿತ್ರಿಸೋಕೆ ಬೈಕು ಹತ್ತಿ ಹಳ್ಳಿ ಹುಡುಕಿಕೊಂಡು ಹೋಗುತ್ತಾರೆ! ಜಾತಿ ಹಳ್ಳಿಯ ಕಾಯಿಲೆ, ಪಟ್ಟಣ ಅದಕ್ಕೆ ಔಷಧಿ ಅನ್ನೋ ಸುಳ್ಳು ಅಷ್ಟು ಆಳಕ್ಕೆ ಇಳಿದಿದೆ. ಶಿವಮೊಗ್ಗದ ಬಡಾವಣೆಗಳಲ್ಲಿ ಬಾಡಿಗೆ ಮನೆ ಹುಡುಕಿದ ದಲಿತ ನೌಕರನನ್ನು ಕೇಳಿ. ಮನೇಲಿ ಏನು ಊಟ ನಿಮ್ದು? ಮೊನ್ನೆ ತಾನೆ ಇನ್ನೊಬ್ರಿಗೆ ಮಾತು ಕೊಟ್ಬಿಟ್ವಿ ನೋಡಿ. ಮನೆ ತೋರಿಸಲು ಜೊತೆಗೆ ಬಂದ ದಲ್ಲಾಳಿ ಆಗ ಬೀಗದ ಕೈ ತಿರುಗಿಸುತ್ತ ಅಂಗಳ ನೋಡುತ್ತಾನೆ. ಅವನ ಮೇಲೆ ಒಂದು ಚಿತ್ರ ಮಾಡಬಹುದು.

ಕಾರ್ಖಾನೆಯೊಳಗಿನ ಜಾತಿಯನ್ನು ಹೇಗೆ ತೋರಿಸಬಹುದು ಅನ್ನೋದಕ್ಕೆ ಹಿಂದಿಯಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ. ನೀರಜ್ ಘೇವಾನ್ 2021ರಲ್ಲಿ 'ಅಜೀಬ್ ದಾಸ್ತಾನ್ಸ್' ಗುಚ್ಛಕ್ಕೆ ಮಾಡಿದ 'ಗೀಲಿ ಪುಚ್ಚಿ'. ಭಾರತಿ ಮಂಡಲ್ (ಕೊಂಕಣಾ ಸೇನ್ ಶರ್ಮ) ಯಂತ್ರದ ಕೆಲಸದವಳು. ಮೇಜಿನ ಕೆಲಸಕ್ಕೆ ಅರ್ಹತೆ ಇದೆ, ಕೆಲಸ ಸಿಗುವುದಿಲ್ಲ. ಆ ಕುರ್ಚಿಗೆ ಪ್ರಿಯಾ ಶರ್ಮ (ಅದಿತಿ ರಾವ್ ಹೈದರಿ) ಬರುತ್ತಾಳೆ. ಇಬ್ಬರ ನಡುವೆ ಸ್ನೇಹ, ಸ್ನೇಹಕ್ಕಿಂತ ಹೆಚ್ಚಿನದೂ ಬೆಳೆಯುತ್ತೆ. ಭಾರತಿ ಮೊದಲು ಬ್ರಾಹ್ಮಣ ಅಡ್ಡಹೆಸರು ಹೇಳಿ, ಆಮೇಲೆ ನಿಜ ಹೇಳುತ್ತಾಳೆ. ಕೊನೆಯಲ್ಲಿ ಪ್ರಿಯಾಳ ಮನೆಯಲ್ಲಿ ಎಲ್ಲರಿಗೂ ಪಿಂಗಾಣಿ ಬಟ್ಟಲಿನಲ್ಲಿ ಚಹ ಬರುತ್ತೆ, ಭಾರತಿಗೆ ಸ್ಟೀಲ್ ಲೋಟದಲ್ಲಿ. ಯಾರೂ ಏನೂ ಅನ್ನುವುದಿಲ್ಲ. ಕೊಳಲೂ ಅಳುವುದಿಲ್ಲ. ನಮ್ಮ ಹುಡುಗರ ಹೋಟೆಲಿನ ಲೋಟವೇ ಇದು, ಆದರೆ ಪಟ್ಟಣಕ್ಕೆ ಬಂದಿದೆ, ಗೂಟದಿಂದ ಇಳಿದು ತಟ್ಟೆಗೆ ಬಂದಿದೆ. ಅಳುವ ಬದಲು ಭಾರತಿ ಚಹ ಕುಡಿಯುತ್ತಾಳೆ. ತನಗೆ ಬೇಕಾದ ಕುರ್ಚಿಯನ್ನು ಯುಕ್ತಿಯಿಂದ ಪಡೆದೂ ಆಗಿದೆ. ಇದು ನೀತಿಯೇ ಅಂತ ಕೇಳುವವರಿದ್ದಾರೆ. ದಲಿತ ಪಾತ್ರ ಮಾತ್ರ ಸಂತನಾಗಿರಬೇಕು ಅನ್ನೋದು ಯಾವ ನೀತಿ?

ಮರಾಠಿಯ ನಾಗರಾಜ ಮಂಜುಳೆ ಮಾತ್ರ ನೋಡುವವರನ್ನು ಬಿಡಲಿಲ್ಲ. 2013ರ 'ಫಂಡ್ರಿ' ಕಿರುಚಿತ್ರವಲ್ಲ. ಆದರೆ 'ಪಿಸ್ತುಲ್ಯಾ' ಅನ್ನೋ ಕಿರುಚಿತ್ರ ಮಾಡಿಯೇ ಅವರು ಅಲ್ಲಿಗೆ ಬಂದದ್ದು. ಜಬ್ಯಾನ ಮನೆಯವರು ಹಂದಿ ಹಿಡಿಯುವಾಗ ಊರಿಗೆ ಊರೇ ಜಾತ್ರೆಯ ಹಾಗೆ ನೆರೆಯುತ್ತೆ. ನಗುತ್ತೆ, ಕೂಗುತ್ತೆ. ಇಲ್ಲಿ ನೋಡುಗರು ಮೌನವಾಗಿಲ್ಲ, ಮಜಾ ತಗೊಳ್ತಾರೆ. ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾದಾಗ ಮಾತ್ರ ಎಲ್ಲ ಗಪ್‌ಚಿಪ್ ನಿಲ್ಲುತ್ತಾರೆ, ಹಂದಿ ನಡೆದು ಹೋಗುತ್ತೆ. ಹಿಡಿದ ಹಂದಿಯನ್ನು ಹೊತ್ತು ಹೋಗುವ ಗೋಡೆಯ ಮೇಲೆ ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆ ಚಿತ್ರಗಳು. ಕೊನೆಗೆ ಜಬ್ಯಾ ಬೀಸಿದ ಕಲ್ಲು ನೇರ ಕ್ಯಾಮೆರಾ ಕಡೆಗೆ, ಅಂದರೆ ಕುರ್ಚಿಯಲ್ಲಿ ಕೂತ ನಮ್ಮ ಕಡೆಗೆ ಬರುತ್ತೆ. ಟ್ರಾಮಿನ ತರುಣ ನಮಗೆ ನಗು ಕೊಟ್ಟು ಕಳಿಸಿದ್ದ. ಜಬ್ಯಾ ಹಾಗೆ ಕಳಿಸುವುದಿಲ್ಲ.

ಕಲಾವಿಮರ್ಶೆ ಮಾಡುತ್ತ ಕಾನೂನಿನ ಮಾತು ಯಾಕೆ ಅನ್ನಬೇಡಿ, ಇಲ್ಲಿ ಎರಡೂ ಒಂದೇ ಜಾಗದಲ್ಲಿ ಕೂಡುತ್ತವೆ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ದಲಿತನನ್ನು ಬೇಕಂತಲೇ ಅವಮಾನಿಸುವುದು ಅಪರಾಧ. ಆದರೆ ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕು. ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಯ ಒಳಗೆ ಅಂದದ್ದು ಈ ಕಲಮಿಗೆ ಬರುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂದರೆ ನೋಡಿದವರು ಇದ್ದರೆ ಮಾತ್ರ ನಮ್ಮ ಅವಮಾನ ಕಾನೂನಿನ ಲೆಕ್ಕಕ್ಕೆ ಅವಮಾನ. ಬಸ್ಸಿನವರು, ಹೋಟೆಲಿನವರು, ಬೀಗದ ಕೈ ತಿರುಗಿಸುವ ದಲ್ಲಾಳಿ, ಇವರೇ ಕೇಸಿನ ಕಂಬ. ಅವರು ಕಿಟಕಿ ಕಡೆ ನೋಡಿದರೆ ಆದದ್ದು ಆಗಲೇ ಇಲ್ಲ.

ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿ ಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ 2014ರ ಆಗಸ್ಟಿನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಅಲ್ಲಿ ಹೋಟೆಲು, ಕ್ಷೌರದಂಗಡಿಗಳ ತಕರಾರು ಮೊದಲೇ ಇತ್ತು. ಆ ದಿನ ಕಿಡಿ ಹೊತ್ತಿದ್ದು ಸಿನಿಮಾ ನೋಡಲು ಹೋದಲ್ಲಿ ಆದ ಜಗಳದಿಂದ. ಸಿನಿಮಾ ಮಂದಿರದ ಕತ್ತಲಲ್ಲಿ ಜಾತಿ ಇರುವುದಿಲ್ಲ ಅಂತ ಬರೆಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಹತ್ತು ವರ್ಷ ಆದ ಮೇಲೆ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಕೊಟ್ಟಿತು. ಮರುತಿಂಗಳೇ ಅವರಲ್ಲಿ ಹೆಚ್ಚಿನವರಿಗೆ ಹೈಕೋರ್ಟಿನಲ್ಲಿ ಜಾಮೀನೂ ಸಿಕ್ಕಿತು. ಅದೇನೇ ಇರಲಿ, ಕಂಬಾಲಪಲ್ಲಿಗೂ ಮರಕುಂಬಿಗೂ ನಡುವೆ ಇರುವ ವ್ಯತ್ಯಾಸವನ್ನು ಕೋರ್ಟಿನ ಕಟಕಟೆಗೆ ಬಂದು ಬಾಯಿ ಬಿಟ್ಟವರಲ್ಲಿ ಹುಡುಕಬೇಕು.

ಬಾಬಾಸಾಹೇಬರು 1920ರಲ್ಲಿ ಪತ್ರಿಕೆ ತೆಗೆದಾಗ ಅದಕ್ಕೆ 'ಮೂಕನಾಯಕ' ಅಂತ ಹೆಸರಿಟ್ಟರು. ಆಗ ಮೂಕರು ನಾವು. ಈಗ ಹಾಡು, ಕಥೆ, ಆತ್ಮಕಥೆ, ಚಳವಳಿ ಎಲ್ಲದರಲ್ಲೂ ನಾವು ಮಾತಾಡಿದ್ದೇವೆ, ಐವತ್ತು ವರ್ಷದಿಂದ ಭದ್ರಾವತಿಯ ಬೀದಿಯಲ್ಲೇ ಮಾತಾಡಿದ್ದೇವೆ. ಮೂಕರು ಯಾರು ಅಂತ ಈಗ ಹೊಸದಾಗಿ ಪಟ್ಟಿ ಮಾಡಬೇಕು. ಅದಕ್ಕೇ ಕಿರುಚಿತ್ರ ಮಾಡುವ ಗೆಳೆಯರಲ್ಲಿ ನನ್ನದೊಂದು ಕೇಳಿಕೆ. ಮುಂದಿನ ಸಲ ಹೋಟೆಲನ್ನೇ ತೆಗೆಯಿರಿ, ಬೇಡ ಅನ್ನಲ್ಲ. ಆದರೆ ಪೆಟ್ಟು ಬಿದ್ದ ಮಾರನೆಯ ಬೆಳಿಗ್ಗೆಯಿಂದ ಶುರು ಮಾಡಿ. ಠಾಣೆಯ ಬೆಂಚು. ಇಡ್ಲಿ ತಿನ್ನುತ್ತಿದ್ದ ಐದು ಜನ ಸಾಲಾಗಿ ಕೂತಿದ್ದಾರೆ. ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಾರೆ. ನೀವು ಎಲ್ಲಿ ಕೂತಿದ್ರಿ, ಏನು ನೋಡಿದ್ರಿ? ನಾನು ಬಿಲ್ ಕೊಡ್ತಾ ಇದ್ದೆ ಸಾರ್. ನಾನು ಕೈ ತೊಳೀತಿದ್ದೆ. ನಂಗೆ ಫೋನ್ ಬಂದಿತ್ತು. ಐದನೆಯವನು ಒಳಗೆ ಹೋಗುತ್ತಾನೆ, ಪೇದೆ ಹೊಸ ಹಾಳೆ ಹಾಕಿಕೊಳ್ಳುತ್ತಾನೆ. ಕ್ಯಾಮೆರಾ ಆ ಐದನೆಯವನ ಮುಖದ ಮೇಲೆ, ಅವನು ಹೆಸರು, ತಂದೆ ಹೆಸರು, ಊರು ಹೇಳಿ ಮುಗಿಸುವ ತನಕ.